ಮೂಲೆಯ ಗಿಡದ ಬೀಜ

ಅಕ್ಕನ ವಿಷಯ ಹೇಳಬೇಕಾದರೆ ಸಿಟ್ಟಿನ ಉರಿ ಬದಿಗಿಟ್ಟು ಹೇಳಬೇಕು ಎನ್ನುತ್ತಾನೆ ನನ್ನ ಗಂಡ. ಅದು ನನ್ನಿಂದ ಆಗದ ಕೆಲಸ. ಉರಿಯ ಸಮೇತವೇ ಹೇಳುತ್ತೇನೆ, ಕೇಳುವವರು ಕೇಳಲಿ, ಬಿಡುವವರು ಬಿಡಲಿ.

ಅಕ್ಕ ಅಂದರೆ ನನ್ನ ಗಂಡನ ಅಕ್ಕ. ಒಡಹುಟ್ಟಿದವರು ನಾಲ್ವರು. ಮೊದಲನೆಯವರು ಅಕ್ಕ, ಆಮೇಲೆ ನನ್ನ ಗಂಡ, ಅವನ ಹಿಂದೆ ಮೈದುನ, ಕೊನೆಯವಳು ನಾದಿನಿ. ಮದುವೆಯಾಗಿ ಬಂದ ದಿನದಿಂದ ನಾನೂ ಅವರನ್ನು ಅಕ್ಕ ಅಂತಲೇ ಕರೆದೆ. ಬೀದಿಯವರಿಗೆ ಅವರು ಇಸ್ತ್ರಿ ಅಕ್ಕ. ದೊಡ್ಡ ರಸ್ತೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಕೆಲಸ ಅವರದು. ತಾಯಿ ತೀರಿಕೊಂಡಾಗ ನಾದಿನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ತಂದೆ ಇದ್ದೂ ಇಲ್ಲದಂಥ ಮನುಷ್ಯ, ಅವನ ಸುದ್ದಿ ಬೇಡ. ಅಕ್ಕ ಲಾಂಡ್ರಿಗೆ ಸೇರಿ ಮೂವರನ್ನೂ ಸಾಕಿದರು, ಓದಿಸಿದರು, ಒಬ್ಬೊಬ್ಬರನ್ನಾಗಿ ದಡ ಸೇರಿಸಿದರು. ಅವರ ಮದುವೆಯ ಮಾತು ಬಂದಾಗಲೆಲ್ಲ, "ಮೊದ್ಲು ಇವುಗಳದ್ದಾಗಲಿ" ಎನ್ನುತ್ತಿದ್ದರಂತೆ. ಇವುಗಳದ್ದಾಯಿತು. ಅಷ್ಟರಲ್ಲಿ ಅಕ್ಕನನ್ನು ಕೇಳುವವರು ಕೇಳುವುದನ್ನು ಬಿಟ್ಟಿದ್ದರು.

ಊರಿನವರ ಅಂಗಿಗಳ ಕಾಲರು ಕತ್ತಿಯಂತೆ ನಿಲ್ಲಿಸುತ್ತಿದ್ದ ಅಕ್ಕನ ಮೈಮೇಲಿನ ಬಟ್ಟೆ ಮಾತ್ರ ಸದಾ ಮುದ್ದೆ. "ನಿಮ್ಮ ಬಟ್ಟೆಗೂ ಒಂದು ಕೈ ಆಡಿಸಬಾರದಾ ಅಕ್ಕ?" ಎಂದು ನಾನು ರೇಗಿಸಿದರೆ, "ನನ್ನನ್ನ ಯಾರು ನೋಡ್ಬೇಕೇ? ಇಸ್ತ್ರಿ ಪೆಟ್ಟಿಗೆ ಮುಂದೆ ನಿಲ್ಲೋಳಿಗೆ ಎರಡು ನಿಮಿಷದಲ್ಲಿ ಬೆವರಲ್ಲೇ ಸುಕ್ಕು," ಎಂದು ನಗುತ್ತಿದ್ದರು. ಮುಂಗೈಯಿಂದ ಮೊಣಕೈವರೆಗೆ ಸುಟ್ಟ ಗೆರೆಗಳು. ಹಳೆಯದು ಕಪ್ಪಗೆ, ಹೊಸದು ಕೆಂಪಗೆ.

ಅವರದು ಎರಡು ಕೋಣೆಯ ಬಾಡಿಗೆ ಮನೆ, ನಮ್ಮ ಮನೆಯ ಎದುರು ಸಾಲಿನಲ್ಲೇ. ಅಡಿಗೆಮನೆಯ ಬಾಗಿಲು ತೆರೆದರೆ ಹಿತ್ತಲು. ಹಿತ್ತಲೆಂದರೆ ಎಷ್ಟು? ನಾಲ್ಕು ಹಾಸಿಗೆ ಬಟ್ಟೆ ಒಣಹಾಕಿದರೆ ತುಂಬಿಹೋಗುವಷ್ಟು. ಅದರಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ, ಗೋಡೆಯವರೆಗೂ ಒಂದೇ ಬೆಳೆ. ಕೆಂಪು ಶಿಸೊ, ಜಪಾನಿನ ಕಡೆಯ ಸೊಪ್ಪು. ಮನೆಯಲ್ಲಿ ಯಾರೂ ಆ ಹೆಸರು ಹೇಳುತ್ತಿರಲಿಲ್ಲ, ಕೆಂಪೆಲೆ ಎನ್ನುತ್ತಿದ್ದರು. ಲಾಂಡ್ರಿಯ ಯಜಮಾನಿ ಎಂದೋ ಒಂದು ಚಿಟಿಕೆ ಬೀಜ ಕೊಟ್ಟಿದ್ದರಂತೆ, ಅಲ್ಲಿಂದ ಶುರು. ಪುದೀನದ ಜಾತಿಯ ಗಿಡ, ಆದರೆ ಎಲೆ ಅಂಗೈ ಅಗಲ, ಅಂಚು ಗರಗಸದ ಹಲ್ಲು, ಬಣ್ಣ ಹಳೆಯ ವೈನಿನದು. ಉಜ್ಜಿದರೆ ಬೆರಳಿಗೆ ಸೋಂಪು, ಲವಂಗ ಎರಡೂ ಸೇರಿದಂಥ ವಾಸನೆ ಹತ್ತಿಕೊಳ್ಳುತ್ತದೆ.

ಚಳಿ ಕಳೆದು ನೆಲ ಬೆಚ್ಚಗಾದ ಮೇಲೆ ಅಕ್ಕ ಬಿತ್ತುತ್ತಿದ್ದರು. ಈ ಬೀಜದ ಸ್ವಭಾವ ವಿಚಿತ್ರ, ಮಣ್ಣು ಮುಚ್ಚಿದರೆ ಮುನಿಸಿಕೊಂಡು ಹುಟ್ಟುವುದೇ ಇಲ್ಲ, ಬೆಳಕು ಬೇಕು. ಮುಚ್ಚದೆ ಬಿಟ್ಟರೆ ಗಾಳಿಗೆ ಹಾರುತ್ತದೆ, ಹಕ್ಕಿ ಹೆಕ್ಕುತ್ತದೆ. ಅದಕ್ಕೆ ಅಕ್ಕ ಕೆಟ್ಟುಹೋದ ಹಳೆಯ ಇಸ್ತ್ರಿ ಪೆಟ್ಟಿಗೆಯೊಂದನ್ನು ಇಟ್ಟುಕೊಂಡಿದ್ದರು. ಬೀಜ ಉದುರಿಸಿ, ಒದ್ದೆ ಮಣ್ಣಿನ ಮೇಲೆ ಆ ತಣ್ಣನೆಯ ಪೆಟ್ಟಿಗೆಯಿಂದ ಮೆಲ್ಲಗೆ ಒತ್ತುತ್ತಾ ಹೋಗುವರು. ಬೀಜ ಮಣ್ಣಿಗೆ ಅಂಟಿಕೊಳ್ಳುವುದು, ಹೂತುಹೋಗದು. ಆಮೇಲೆ ಬಟ್ಟೆಗೆ ನೀರು ಚಿಮುಕಿಸುವ ಅದೇ ಕೈಯಿಂದ ಬೆಳಿಗ್ಗೆ ಸಂಜೆ ಹನಿ ಚಿಮುಕಿಸುವರು. "ನೆಲಕ್ಕೂ ಇಸ್ತ್ರಿ ಮಾಡೋಳು ನೀವೊಬ್ರೇ ಅಕ್ಕ," ಎಂದು ನಾನು ನಕ್ಕರೆ ಅವರೂ ನಗುವರು.

ಬಿಸಿಲುಗಾಲದ ನಡುವೆ, ಗಿಡ ಹೂಬಿಡುವ ಮುಂಚೆ ಒಂದು ಭಾನುವಾರ ಕೊಯ್ಲು. ಆ ದಿನಕ್ಕೆ ಮೂವರೂ ಬರಬೇಕು, ಮಕ್ಕಳು ಮರಿ ಸಮೇತ. ಬೆಳಿಗ್ಗೆಯೇ ಎಲೆ ಬಿಡಿಸುವುದು, ತೊಳೆಯುವುದು, ಕುದಿಯುವ ನೀರಿಗೆ ಅದುಮುವುದು. ಕೆಂಪೆಲ್ಲ ನೀರಿಗಿಳಿದು ಎಲೆ ಹಸಿರಾಗುತ್ತದೆ. ಆದರೆ ನೀರೇನೂ ಚೆಂದ ಕಾಣುವುದಿಲ್ಲ, ಕಂದುಗಪ್ಪು, ಮಸಿ ಕದಡಿದ ಹಾಗೆ. ಸೋಸಿ, ಸಕ್ಕರೆ ಕರಗಿಸಿ, ಆರಲು ಬಿಟ್ಟು ಅಕ್ಕ ಎಲ್ಲರನ್ನೂ ಕೂಗುವರು. ಮಕ್ಕಳು ಮೇಜಿನ ಸುತ್ತ ಮುತ್ತಿಗೆ ಹಾಕುವವು. ಆಗ ನಿಂಬೆರಸ ಸುರಿಯುವುದು. ಸುರಿದ ಕಡೆಯಿಂದ ಬಣ್ಣ ತಿರುಗುತ್ತಾ ಬಂದು ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಪಾತ್ರೆ ಉರಿಗೆಂಪು! ಮಕ್ಕಳು ಹೋ ಎಂದು ಕೂಗುವರು. ದೊಡ್ಡವರೂ ಕೂಗುವರು. ನಾನೂ ಕೂಗಿದ್ದೇನೆ, ಸುಳ್ಳೇಕೆ? ಆ ಗಳಿಗೆಯಲ್ಲಿ ಅಕ್ಕನ ಮುಖ ನೋಡಬೇಕಿತ್ತು. ಅವರು ಪಾತ್ರೆ ನೋಡುತ್ತಿರಲಿಲ್ಲ, ತಮ್ಮಂದಿರ, ತಂಗಿಯ ಮುಖ ನೋಡುತ್ತಿದ್ದರು.

ವರ್ಷದಲ್ಲಿ ಅದೊಂದೇ ದಿನ ಅವರು ಬರುತ್ತಿದ್ದುದು. ನನ್ನ ಗಂಡನಂತೂ ರಸ್ತೆ ದಾಟಿದರೆ ಸಾಕು, ಆದರೂ ಅಕ್ಕನ ಮನೆ ಅವನಿಗೆ ಬೇರೆ ಊರು. "ನಾಲ್ಕೂ ಜನ ಒಂದೇ ಸೂರಿನಡಿ ಕೂತ್ಕೊಳ್ಳೋದು ಕೆಂಪೆಲೆಯಿಂದ ಕಣೇ. ಅಷ್ಟು ಸಾಕು ನಂಗೆ," ಎನ್ನುತ್ತಿದ್ದರು ಅಕ್ಕ. ಒಡಹುಟ್ಟಿದವರನ್ನು ಕರೆಯಲು ಸೊಪ್ಪಿನ ನೆಪ ಬೇಕೇ ಎಂದು ನಾಲಿಗೆ ತುದಿಗೆ ಬರುತ್ತಿತ್ತು. ಅವರ ಮುಖ ನೋಡಿ ನುಂಗಿಕೊಳ್ಳುತ್ತಿದ್ದೆ.

ಬಂದವರು ಬರಿಗೈಲಿ ಹೋಗುತ್ತಿರಲಿಲ್ಲ. ಬಾಟಲಿ ತುಂಬ ಶರಬತ್ತು, ಚೀಲ ತುಂಬ ಎಲೆ. ಅಕ್ಕ ತಾವೇ ಮುಂದೆ ನಿಂತು ಹೇಳುವರು: "ಆ ಗೋಡೆ ಕಡೇದು ಬೇಡ, ನಡುವಿನದು ಕಿತ್ತುಕೊಳ್ಳೋ, ಅದು ಒಳ್ಳೇ ಕೆಂಪು. ಬುಡದವರೆಗೂ ತಗೋ, ಸಂಕೋಚ ಪಡ್ಬೇಡ." ಸಂಕೋಚವೇ? ಮೈದುನ ಕತ್ತರಿ ತಂದೇ ಬರುತ್ತಿದ್ದ. ಸಂಜೆಯ ಹೊತ್ತಿಗೆ ಹಿತ್ತಲು ಕ್ಷೌರ ಮಾಡಿದ ತಲೆಯಾಗಿರುತ್ತಿತ್ತು. ಉಳಿಯುತ್ತಿದ್ದುದು ಬಚ್ಚಲ ನೀರು ಹೋಗುವ ಮೂಲೆಯಲ್ಲಿನ ನಾಲ್ಕೈದು ಗಿಡ, ಮೇಲೆ ಹಸಿರು, ಅಡಿಯಲ್ಲಿ ಮಾತ್ರ ಒಂದಿಷ್ಟು ಕೆಂಪು. ಯಾರಿಗೂ ಬೇಡದ್ದು. ಅಕ್ಕ ಆ ಎಲೆಯನ್ನು ತಮಗೆ ಇಟ್ಟುಕೊಳ್ಳುವರು. ಅದೇ ಗಿಡ ಹೂಬಿಟ್ಟು ತೆನೆಯಾಗುವುದು. ತೆನೆ ಒಣಗಿದ ಮೇಲೆ ತಟ್ಟಿ ಬೀಜ ತೆಗೆದು ಡಬ್ಬಿಗೆ ಹಾಕಿ, ಮುಂದಿನ ವರ್ಷ ಅದನ್ನೇ ಬಿತ್ತುವರು.

ಒಂದು ವರ್ಷ ನಾದಿನಿ ನಡುವಿನ ಮೂರು ಗಿಡ ಬೇರು ಸಮೇತ ಬೇಕೆಂದಳು. "ನಮ್ಮ ಹಿತ್ತಲಲ್ಲೂ ಇರಲಿ ಅಕ್ಕ," ಎಂದಳು. ಅತಿ ಕಡುಗೆಂಪಿನವು ಅವು. ಅಕ್ಕ ಒದ್ದೆ ಬಟ್ಟೆಯಲ್ಲಿ ಬೇರು ಸುತ್ತಿ, ಬಸ್ಸಿನವರೆಗೂ ತಾವೇ ಹೊತ್ತು ಕೊಟ್ಟರು. ತಿಂಗಳ ಮೇಲೆ ಫೋನು ಮಾಡಿ ಕೇಳಿದರೆ, "ಅಯ್ಯೋ, ಒಣಗಿಹೋಯ್ತು ಅಕ್ಕ. ನನ್ನ ಕೈಗುಣ ಸರಿಯಿಲ್ಲ," ಎಂದಳು. ಅಕ್ಕನೇ ಅವಳಿಗೆ ಸಮಾಧಾನ ಹೇಳಿದರು.

ವರ್ಷ ಕಳೆದಂತೆ ಹಿತ್ತಲು ಬದಲಾಯಿತು. ಮೊದಲು ಅಂಚಿನಲ್ಲಿ ಹಸಿರು ಇಣುಕಿತು, ಆಮೇಲೆ ನಡುವಿಗೂ ಬಂತು. ಎಲೆಯ ಮುಖ ಹಸಿರು, ಬೆನ್ನು ಮಾತ್ರ ನೇರಳೆ. ಅಕ್ಕ ಗೊಬ್ಬರ ಬದಲಿಸಿದರು, ಬೂದಿ ಹಾಕಿದರು, ಬಿಸಿಲು ಸಾಲದೇನೋ ಎಂದು ಬಟ್ಟೆ ಒಣಹಾಕುವ ತಂತಿಯನ್ನೇ ಬಿಚ್ಚಿದರು. ಗಿಡ ಸೊಂಪಾಗಿ ಬೆಳೆಯಿತು, ಆದರೆ ಬಣ್ಣ ಬರಲಿಲ್ಲ. ಲಾಂಡ್ರಿಯ ಯಜಮಾನಿಯನ್ನು ಕೇಳೋಣವೆಂದರೆ ಅವರು ತೀರಿಕೊಂಡು ಎಷ್ಟೋ ವರ್ಷ. ಕೊಯ್ಲಿನ ಭಾನುವಾರ ಹತ್ತಿರ ಬಂದಂತೆ ಅಕ್ಕನಿಗೆ ಊಟ ಸೇರದಾಯಿತು. "ಈ ಸಲ ಬಣ್ಣ ತಿರುಗದಿದ್ರೆ ಮುಂದಿನ ವರ್ಷ ಯಾಕೆ ಬರ್ತಾರೆ ಹೇಳು?" ಎಂದರು.

"ನಿಮ್ಮನ್ನ ನೋಡೋಕೆ ಬರಲಿ," ಎಂದೆ.

"ನನ್ನಲ್ಲೇನಿದೆ ನೋಡೋಕೆ?" ಎಂದರು. ಬೇಸರದಿಂದ ಹೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು. ನನಗೆ ಅಳು ಬಂತು.

ಆ ಭಾನುವಾರ ಅಕ್ಕ ಪಾತ್ರೆಗೆ ಎಲೆಯ ಜೊತೆ ಬೀಟ್‌ರೂಟ್ ಹೆಚ್ಚಿ ಹಾಕಿಬಿಟ್ಟಿದ್ದರು. ನನಗೂ ಹೇಳಿರಲಿಲ್ಲ. ಬೆಳಗಾಗುವ ಮುಂಚೆಯೇ ಕುದಿಸಿ, ಸೋಸಿ, ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತುರುಕಿದ್ದರು. ಆದರೆ ಮೋಸ ಮಾಡಿ ಅಭ್ಯಾಸವಿಲ್ಲದವರ ಮೋಸ ಅದು. ಎಲ್ಲರೂ ಮೇಜಿನ ಸುತ್ತ ಸೇರಿದಾಗ ನಾದಿನಿಯ ಮಗಳು ಮುಚ್ಚಳ ತೆಗೆದು ಕೂಗಿಯೇಬಿಟ್ಟಳು: "ದೊಡ್ಡಮ್ಮಾ! ನಿಂಬೆರಸ ಹಾಕೋಕೆ ಮೊದ್ಲೇ ಕೆಂಪಾಗಿದೆಯಲ್ಲ!"

ಅಕ್ಕನ ಕೈಯಲ್ಲಿ ನಿಂಬೆರಸದ ಲೋಟ ಹಾಗೇ ನಿಂತಿತು. ಸುರಿದರು. ಏನೂ ತಿರುಗಲಿಲ್ಲ, ಕೆಂಪು ಕೆಂಪಾಗಿಯೇ ಇತ್ತು. ಮೈದುನ ಒಂದು ಗುಟುಕು ಕುಡಿದು ಮುಖ ಹಿಂಡಿದ.

"ಏನಕ್ಕ ಇದು, ಮಣ್ಣು ಮಣ್ಣು? ಬೀಟ್‌ರೂಟಾ?" ಎಂದ. ಗಹಗಹಿಸಿ ನಕ್ಕ. "ನಮಗೇ ಟೋಪಿ ಹಾಕೋಕೆ ಹೊರಟ್ಯಲ್ಲ ಅಕ್ಕ! ಅಂಗಡೀಲಿ ಇದಕ್ಕಿಂತ ಚೆನ್ನಾಗಿರೋದು ಸಿಗುತ್ತಪ್ಪ."

ಎಲ್ಲರೂ ನಕ್ಕರು. ನನ್ನ ಗಂಡನೂ ಹಲ್ಲು ಕಿರಿದ. ಅವನ ಕಾಲನ್ನು ಮೇಜಿನಡಿಯಲ್ಲಿ ತುಳಿದೆ, ಅವನಿಗೆ ಅರ್ಥವಾಗಲಿಲ್ಲ. ಅಕ್ಕನೂ ನಕ್ಕರು ಕಣ್ರೀ, ಅದನ್ನು ನೋಡಲಾಗಲಿಲ್ಲ. ಕಿವಿಯವರೆಗೂ ಕೆಂಪಾಗಿ, "ತಮಾಷೆಗೆ ಮಾಡ್ದೆ," ಎಂದರು.

ಹೊರಡುವಾಗ ನಾದಿನಿ ಚಪ್ಪಲಿ ಮೆಟ್ಟುತ್ತಾ ಏನೂ ಆಗದವಳಂತೆ ಅಂದಳು: "ಮುಂದಿನ ವರ್ಷ ಎಲ್ರೂ ನಮ್ಮನೆಗೇ ಬನ್ನಿ. ನಮ್ಮ ಹಿತ್ತಲಲ್ಲಿ ಕೆಂಪೆಲೆ ಚೆನ್ನಾಗಿ ಬರ್ತಿದೆ."

"ನಿಮ್ಮಲ್ಲಿ ಇದೆಯಾ?" ಅಕ್ಕ ಕೇಳಿದರು. "ಒಣಗಿಹೋಯ್ತು ಅಂದಿದ್ಯಲ್ಲ?"

"ಒಂದು ಚಿಗುರಿತ್ತು ಅಕ್ಕ. ಹೇಳೋಕೆ ಮರ್ತೇಹೋಯ್ತು."

ಮರೆತಳಂತೆ! ವರ್ಷ ವರ್ಷ ಇಲ್ಲಿಗೆ ಬಂದು, ಇಲ್ಲಿನ ಎಲೆ ಚೀಲಕ್ಕೆ ತುಂಬಿಕೊಂಡು, ಅಕ್ಕ ಬೂದಿ ಗೊಬ್ಬರ ಎಂದು ಒದ್ದಾಡುವುದನ್ನು ಕಣ್ಣಾರೆ ಕಂಡು ಮರೆತಳಂತೆ. ನಾನು ಬಾಯಿ ತೆರೆದೆ. ಅಕ್ಕ ನನ್ನ ಕೈ ಹಿಡಿದು ಒತ್ತಿದರು.

ಮರುವರ್ಷ ಹೋದೆವು. ಅಕ್ಕ ಬರುವುದಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ, ಎಲ್ಲರಿಗಿಂತ ಮುಂಚೆ ಅವರೇ ಬಸ್ ನಿಲ್ದಾಣದಲ್ಲಿದ್ದರು. ನಾದಿನಿಯ ಮನೆ ಊರಾಚೆಯ ಹೊಸ ಬಡಾವಣೆಯಲ್ಲಿ. ಹಿತ್ತಲಿಗೆ ಕಾಲಿಟ್ಟವರೇ ಅಕ್ಕ ನಿಂತುಬಿಟ್ಟರು. ಸೊಂಟದೆತ್ತರ, ಒತ್ತೊತ್ತಾಗಿ, ಕಡುಗೆಂಪು. ಅವರು ಒಂದು ಎಲೆಯನ್ನು ತಿರುಗಿಸಿ ನೋಡಿದರು. ಬೆನ್ನೂ ಕೆಂಪು, ಮುಖವೂ ಕೆಂಪು. "ನಮ್ಮದೇ," ಎಂದರು ಮೆಲ್ಲಗೆ. ಸಂತೋಷವೋ ಸಂಕಟವೋ, ಆ ಧ್ವನಿ ನನಗೆ ತಿಳಿಯಲಿಲ್ಲ.

ಎಲ್ಲರೂ ಬಿಡಿಸಲು ಕೂತೆವು. ನಡುವೆ ಆರೇಳು ಗಿಡಗಳ ಕಾಂಡಕ್ಕೆ ಬಿಳಿ ದಾರ ಕಟ್ಟಿತ್ತು. ಅವು ಎಲ್ಲಕ್ಕಿಂತ ಕೆಂಪು. ಗೋಡೆಯಂಚಿನ ಒಂದೆರಡು ಗಿಡ ಮಾತ್ರ ಹಸಿರಿಗೆ ತಿರುಗಿದ್ದವು. ಅಕ್ಕ ಅಭ್ಯಾಸಬಲದಿಂದ, "ಇದನ್ನ ಕಿತ್ತುಕೊಳ್ಳೋ, ಒಳ್ಳೇದಿದೆ," ಎಂದು ಮೈದುನನಿಗೆ ತೋರಿಸಿದರು. ನಾದಿನಿ ಹೌಹಾರಿ ಓಡಿಬಂದಳು.

"ಅಯ್ಯಯ್ಯೋ, ದಾರ ಕಟ್ಟಿದ್ದನ್ನ ಮುಟ್ಬೇಡಿ! ಅದು ಬೀಜಕ್ಕೆ."

"ಒಳ್ಳೇದನ್ನ ಬೀಜಕ್ಕೆ ಬಿಡ್ತೀಯಾ?" ಅಕ್ಕ ಕೇಳಿದರು.

"ಮತ್ತಿನ್ನೇನಕ್ಕ? ಒಳ್ಳೇದನ್ನೆಲ್ಲ ಹಂಚಿಬಿಟ್ಟು ಕೆಟ್ಟದ್ದನ್ನ ಬೀಜಕ್ಕಿಟ್ರೆ ಬಣ್ಣ ಎಲ್ಲಿಂದ ಬರುತ್ತೆ? ಮೊದ್ಲು ನಮಗೇಂತ ತೆಗೆದಿಟ್ಕೋಬೇಕು." ಹೇಳಿದವಳು ಕಾಫಿಗೆ ಇಡಲು ಒಳಗೆ ಹೋದಳು. ಯಾರಿಗೆ ಏನು ಹೇಳಿದೆ ಎಂಬ ಪರಿವೆಯೂ ಇರಲಿಲ್ಲ ಅವಳಿಗೆ.

ಅಕ್ಕ ಆ ದಾರವನ್ನೇ ನೋಡುತ್ತಾ ಕೂತರು. ಬಣ್ಣ ತಿರುಗಿತು, ಮಕ್ಕಳು ಹೋ ಎಂದರು, ಎಲ್ಲ ಆಯಿತು. ಮೈದುನ ಎರಡೆರಡು ಲೋಟ ಕುಡಿದು, "ಇದಪ್ಪ ರುಚಿ ಅಂದ್ರೆ! ತಂಗಿ ಕೈಗುಣವೇ ಕೈಗುಣ," ಎಂದ. ಹೊರಡುವ ಮುಂಚೆ ಅಕ್ಕ ಎಲ್ಲರ ಎದುರು ನಾದಿನಿಯನ್ನು ಕೇಳಿದರು: "ಬೀಜ ಆದಾಗ ಒಂದು ಚಿಟಿಕೆ ಕೊಡ್ತೀಯೇನೇ? ನಮ್ಮಲ್ಲಿ ಜಾತಿ ಕೆಟ್ಟುಹೋಗಿದೆ."

ಜೀವಮಾನದಲ್ಲಿ ಅಕ್ಕ ಒಡಹುಟ್ಟಿದವರನ್ನು ಏನಾದರೂ ಕೇಳಿದ್ದು ನಾನು ಕಂಡಂತೆ ಅದೇ ಮೊದಲು. ನಾದಿನಿ, "ಕೇಳ್ಬೇಕಾ ಅಕ್ಕ?" ಎಂದಳು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿದ್ದರು. "ಇಷ್ಟು ವರ್ಷ ನಾನು ಮೂಲೇದನ್ನ ಬಿತ್ತಿದೀನಿ ಕಣೇ," ಎಂದರು. "ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು? ಉಳಿದದ್ದೇ ಬೀಜ ಅಂದ್ಕೊಂಡೆ." ಸ್ವಲ್ಪ ಹೊತ್ತಾದ ಮೇಲೆ, "ಹೋಗಲಿ ಬಿಡು, ಈಗ ಒಳ್ಳೇ ಬೀಜ ಬರುತ್ತೆ. ಇನ್ನೊಂದು ವರ್ಷಕ್ಕೆ ಎಲ್ರೂ ಮತ್ತೆ ಬರ್ತಾರೆ," ಎಂದು ತಾವೇ ಸಮಾಧಾನ ಮಾಡಿಕೊಂಡರು.

ಚಳಿಗಾಲದಲ್ಲಿ ಬೀಜ ಬಂತು, ಒಂದು ಸಣ್ಣ ಔಷಧಿ ಶೀಸೆಯಲ್ಲಿ, ನನ್ನ ಗಂಡನ ಕೈಯಲ್ಲಿ. ಅಕ್ಕ ಅದನ್ನು ಅಡಿಗೆಮನೆಯ ತಣ್ಣನೆಯ ಮೂಲೆಯಲ್ಲಿ, ನೀರಿನ ಕೊಡದ ಪಕ್ಕ ಇಟ್ಟರು. ದಿನಕ್ಕೊಂದು ಸಲವಾದರೂ ಶೀಸೆ ಎತ್ತಿ ಬೆಳಕಿಗೆ ಹಿಡಿದು ನೋಡುವರು. ಬೀಜದಲ್ಲಿ ಏನು ಕಾಣುತ್ತದೆ? ಕಂದು ಕಂದು ಸಣ್ಣ ಕಾಳು, ಎಲ್ಲ ಒಂದೇ ಥರ.

ಹಳೆಯ ಗಿಡದ ಬೀಜ ಹಿತ್ತಲ ಮಣ್ಣಲ್ಲಿ ಉದುರಿರುತ್ತದೆ, ಅದೂ ಇದೂ ಕಲಸಿಹೋಗಬಾರದೆಂದು ಅಕ್ಕ ಹಣ್ಣಿನಂಗಡಿಯಿಂದ ಮರದ ಪೆಟ್ಟಿಗೆಗಳನ್ನು ತಂದರು. ಹೊರಗಿನಿಂದ ಹೊಸ ಮಣ್ಣು ಹೊರಿಸಿದರು. ಹಿತ್ತಲಿನ ಹಳೆಯ ಸಸಿ ಒಂದನ್ನೂ ಬಿಡದೆ ಕಿತ್ತರು. ಪೆಟ್ಟಿಗೆಗಳನ್ನು ಮನೆಯ ಮುಂದಿನ ಮೆಟ್ಟಿಲ ಪಕ್ಕ ಸಾಲಾಗಿಟ್ಟು ಬೀಜ ಉದುರಿಸಿ, ತಣ್ಣನೆಯ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿದರು.

ಹುಟ್ಟಿದವು. ಮೊದಲ ಜೋಡಿ ಎಲೆ ಹಸಿರಾಗಿಯೇ ಇರುತ್ತದೆ, ಅದಕ್ಕೆ ನಾವು ತಲೆಕೆಡಿಸಿಕೊಳ್ಳಲಿಲ್ಲ. ಬಣ್ಣ ಗೊತ್ತಾಗುವುದು ಎರಡನೆಯ ಜೋಡಿಯಲ್ಲಿ. ಒಂದು ಬೆಳಿಗ್ಗೆ ಹಾಲು ತರಲು ಹೋದವಳು ನೋಡಿದೆ. ಅಕ್ಕ ಮೆಟ್ಟಿಲ ಮೇಲೆ ಕೂತಿದ್ದರು, ಲಾಂಡ್ರಿಗೆ ಹೊತ್ತಾಗಿತ್ತು, ಎದ್ದಿರಲಿಲ್ಲ. ಪೆಟ್ಟಿಗೆಗೆ ಬಗ್ಗಿದೆ. ಎಲೆಯ ಮುಖ ಹಸಿರು. ತಿರುಗಿಸಿದೆ. ಬೆನ್ನಿನಲ್ಲಿ ಒಂದಿಷ್ಟು ನೇರಳೆ. ಎಲ್ಲ ಪೆಟ್ಟಿಗೆಯಲ್ಲೂ ಅದೇ.

"ಫೋನ್ ಕೊಡಿ ಅಕ್ಕ. ಇವತ್ತು ಅವಳ ಗ್ರಹಚಾರ ಬಿಡಿಸ್ತೀನಿ."

"ಗೊತ್ತಿಲ್ದೆ ಕೊಟ್ಟಿರ್ತಾಳೆ."

"ದಾರ ಕಟ್ಟಿದವಳಿಗೆ ಗೊತ್ತಿಲ್ವಾ? ದಾರ ಕಟ್ಟದ ಗಿಡದ್ದು ತಟ್ಟಿ ಕಳಿಸಿದಾಳೆ. ನಿಮಗೆ ಅಂತ, ಬೇಕಂತಲೇ! ಒಬ್ಬಳೇ ಅಕ್ಕ, ಒಂದು ಚಿಟಿಕೆ ಬೀಜ! ಅದಕ್ಕೂ ಕೈ ಬರಲಿಲ್ವಾ ಆ ಮಹಾತಾಯಿಗೆ?"

ಅಕ್ಕ ಎದ್ದು ಕೆಲಸಕ್ಕೆ ಹೋದರು. ಸಂಜೆ ಬಂದು ಸಸಿಗಳನ್ನೆಲ್ಲ ಒಂದೂ ಬಿಡದೆ ಹಿತ್ತಲಲ್ಲಿ ನೆಟ್ಟರು. ಆಮೇಲೆ ನನ್ನೆದುರೇ ಮೂವರಿಗೂ ಫೋನು ಮಾಡಿದರು. ನನ್ನ ಗಂಡನಿಗೂ ಫೋನೇ. ನಾದಿನಿಗೆ ಹೇಳಿದ್ದು ಕೇಳಿಸಿಕೊಂಡೆ: "ನೀನು ಕೊಟ್ಟ ಬೀಜ ಎಲ್ಲ ಹುಟ್ಟಿದೆ ಕಣೇ. ಸೊಂಪಾಗಿದೆ. ಈ ಸಲ ಕೊಯ್ಲು ಇಲ್ಲೇ. ಬರಲೇಬೇಕು ನೀನು."

ಅಕ್ಕನಿಗೆ ತಲೆ ಕೆಟ್ಟಿತೆಂದುಕೊಂಡೆ. ಮತ್ತೆ ಬೀಟ್‌ರೂಟ್ ಹಾಕುತ್ತಾರೇನೋ ಎಂದು ಹೆದರಿದೆ. ಅವರು ಮಾತ್ರ ಆ ಗಿಡಗಳನ್ನು ಎಂದಿಗಿಂತ ಚೆನ್ನಾಗಿ ನೋಡಿಕೊಂಡರು. ತುದಿ ಚಿವುಟಿ ಕವಲೊಡೆಸಿದರು, ಹುಳ ಆರಿಸಿದರು.

ಕೊಯ್ಲಿನ ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋದವಳು ಬಾಗಿಲಲ್ಲೇ ನಿಂತೆ. ಅವರ ಮೈಮೇಲೆ ಇಸ್ತ್ರಿ ಮಾಡಿದ ಬಟ್ಟೆ. ಕಾಲರು ನೆಟ್ಟಗೆ, ತೋಳಿನ ಗೆರೆ ನೆಟ್ಟಗೆ. ಇಷ್ಟು ವರ್ಷದಲ್ಲಿ ಮೊದಲ ಸಲ. "ಹೇಗಿದೆ?" ಎಂದರು. "ಮದುಮಗಳ ಹಾಗಿದ್ದೀರ," ಎಂದೆ. ಬೈದರು.

ಎಲ್ಲರೂ ಬಂದರು, ಚೀಲ ಬಾಟಲಿ ಸಮೇತ. ಹಿತ್ತಲ ಬಾಗಿಲು ತೆರೆದಾಗ ಮೈದುನ, "ಅಯ್ಯೋ, ಇದೇನಕ್ಕ, ಪಾಲಕ್ ಸೊಪ್ಪಾ?" ಎಂದ. ನಾದಿನಿಯ ಮುಖ ಸಪ್ಪಗಾದದ್ದನ್ನು ನಾನು ಕಣ್ತುಂಬ ನೋಡಿದೆ. ಅಕ್ಕ ಯಾರಿಗೂ ಸೊಪ್ಪು ಹಾಕದೆ ಎಲೆ ಬಿಡಿಸಿದರು, ತೊಳೆದರು, ಕುದಿಸಿದರು, ಸೋಸಿದರು. ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿದರು. ಪಾತ್ರೆಯಲ್ಲಿ ತೆಳ್ಳನೆಯ ಕಂದು ನೀರು. ನಿಂಬೆರಸ ಸುರಿದರು. ಕಂದು ಸ್ವಲ್ಪ ತಿಳಿಯಾಯಿತು, ಅಷ್ಟೇ. ಯಾವ ಮಗುವೂ ಕೂಗಲಿಲ್ಲ.

ಅಕ್ಕ ಲೋಟಗಳನ್ನು ತುಂಬಿ ಒಬ್ಬೊಬ್ಬರ ಮುಂದಿಟ್ಟರು, ಅಂಚಿನವರೆಗೂ.

"ಬೀಟ್‌ರೂಟ್ ಹಾಕಿಲ್ಲ ಕಣೋ," ಎಂದರು ಮೈದುನನಿಗೆ. "ಟೋಪಿ ಹಾಕಿಲ್ಲ. ತಂಗಿ ಕೊಟ್ಟ ಬೀಜ, ಇದ್ದದ್ದು ಇದ್ದ ಹಾಗೆ." ಆಮೇಲೆ ನಾದಿನಿಯ ಕಡೆ ತಿರುಗಿದರು. "ದಾರ ಕಟ್ಟದೇ ಇದ್ದ ಗಿಡದ್ದು, ಅಲ್ವಾ?"

ನಾದಿನಿ ಲೋಟ ನೋಡುತ್ತಾ ಕೂತಳು. ಕೊನೆಗೆ ಅವಳು ಒಮ್ಮೆಲೇ ಅಳುತ್ತಾ ಕಿರುಚಿದಳು: "ಹೌದು, ಏನೀಗ? ಒಳ್ಳೇ ಬೀಜ ಕೊಟ್ರೆ ಮತ್ತೆ ಎಲ್ರೂ ಇಲ್ಲಿಗೇ ಬರ್ತಾರೆ. ನಮ್ಮನೆಗೆ ಯಾರು ಬರ್ತಾರೆ? ವರ್ಷಕ್ಕೊಂದು ದಿನ ನಮ್ಮನೇಲೂ ಜನ ತುಂಬಲಿ ಅಂತ ನಂಗೆ ಆಸೆ ಇರಬಾರದಾ?"

ಅವಳನ್ನು ಕಂಡರೆ ನನಗಾಗದು, ಆದರೆ ಅದೇ ಆಸೆ ತಾನೇ ಅಕ್ಕನದೂ.

"ಇರಬೇಕು," ಎಂದರು ಅಕ್ಕ. ಧ್ವನಿ ಏರಿಸಲಿಲ್ಲ. "ನಿನ್ನ ಮೇಲೆ ಸಿಟ್ಟಿಲ್ಲ ನಂಗೆ. ಒಳ್ಳೇದನ್ನ ಹಂಚಿಬಿಡಬಾರದು ಅಂತ ನೀನೇ ಹೇಳಿದ್ದು, ಸರಿಯಾಗೇ ಹೇಳಿದ್ದೀಯ. ನಾನು ನಿಮ್ಮ ಮೂವರಿಗೂ ಹಂಚಿ ಆಯ್ತು. ನನ್ನ ಹತ್ರ ಉಳಿದಿರೋದು ಇಷ್ಟೇ. ಇದನ್ನ ಕುಡಿಯೋಕೆ ಬರೋದಾದ್ರೆ ಬನ್ನಿ. ಈಗ ಕುಡೀರಿ."

ಎಲ್ಲರೂ ಕುಡಿದರು. ನನ್ನ ಗಂಡ ತಲೆ ತಗ್ಗಿಸಿ ಗಟಗಟ ಕುಡಿದ. ಮೈದುನ ಔಷಧಿ ಕುಡಿದಂತೆ ಕುಡಿದ. ನಾದಿನಿ ಅಳುತ್ತಲೇ ಕುಡಿದಳು. ರುಚಿ ಕೆಟ್ಟದಾಗೇನೂ ಇರಲಿಲ್ಲ, ಹುಳಿ ಸಿಹಿ, ಸ್ವಲ್ಪ ಸೋಂಪು. ಬಾಟಲಿಗಳು ಖಾಲಿಯಾಗಿಯೇ ಹಿಂದಿರುಗಿದವು. ಬಾಗಿಲಲ್ಲಿ ಯಾರೂ "ಬರ್ತೀವಿ ಅಕ್ಕ" ಎನ್ನಲಿಲ್ಲ.

ನನಗೆ ಹಬ್ಬವಾಗಿತ್ತು. "ಸರಿಯಾಗಿ ಕೊಟ್ರಿ ಅಕ್ಕ! ಮುಖಕ್ಕೆ ಹೊಡೆದ ಹಾಗೆ ಕೊಟ್ರಿ!" ಎನ್ನುತ್ತಾ ಲೋಟಗಳನ್ನು ಎತ್ತಿಕೊಂಡು ಅಡಿಗೆಮನೆಗೆ ಹೋದೆ. ಅಕ್ಕ ನೀರು ಬಿಟ್ಟು ಒಂದೇ ಲೋಟವನ್ನು ಮತ್ತೆ ಮತ್ತೆ ತೊಳೆಯುತ್ತಿದ್ದರು. ಹೆಗಲು ಅಲುಗುತ್ತಿತ್ತು.

"ಇನ್ನು ಬರ್ತಾರೇನೇ?" ಎಂದರು.

ನನ್ನ ಹಬ್ಬ ಅಲ್ಲಿಗೆ ಮುಗಿಯಿತು.

ಈ ವರ್ಷವೂ ಅಕ್ಕ ಹಿತ್ತಲಲ್ಲಿ ಗಿಡ ಹಾಕಿದರು. ಅದೇ ಹಸಿರು ಮುಖದ್ದು, ತಮ್ಮದೇ ಬೀಜ. ಆದರೆ ಈ ಸಲ ಬೆನ್ನು ಹೆಚ್ಚು ನೇರಳೆಯಾಗಿದ್ದ ಎರಡು ಗಿಡಕ್ಕೆ ದಾರ ಕಟ್ಟಿದ್ದರು. "ಹೀಗೇ ಆರಿಸ್ತಾ ಹೋದ್ರೆ ಮತ್ತೆ ಕೆಂಪು ಬರಬಹುದು. ಹತ್ತು ವರ್ಷ ಹಿಡೀಬಹುದು," ಎಂದರು. ಹತ್ತು ವರ್ಷಕ್ಕೆ ಅಕ್ಕನ ವಯಸ್ಸೆಷ್ಟಾಗುತ್ತದೆ ಎಂದು ನಾನು ಕೇಳಲಿಲ್ಲ. ಕೊಯ್ಲಿನ ಭಾನುವಾರಕ್ಕೆ ಮೂವರಿಗೂ ಫೋನು ಮಾಡಿದ್ದರು. ಮೂವರೂ "ನೋಡೋಣ ಅಕ್ಕ" ಎಂದಿದ್ದರು.

ಆ ಬೆಳಿಗ್ಗೆ ನಾನು ಹೋದಾಗ ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಮುಂದಿನ ಕೋಣೆಯಲ್ಲಿ ಕೂತಿದ್ದರು. ಗೆರೆ ಕೆಡಬಾರದೆಂದು ಬೆನ್ನು ಆನಿಸದೆ, ಕುರ್ಚಿಯ ತುದಿಯಲ್ಲಿ. ಮೇಜಿನ ಮೇಲೆ ಎಲ್ಲರ ಲೋಟಗಳೂ ತೊಳೆದಿಟ್ಟಿದ್ದವು. ಬಿಸಿಲು ಮೆಟ್ಟಿಲು ಹತ್ತಿ ಒಳಗೆ ಬಂತು. ನಾನು ಎಲೆ ಬಿಡಿಸಲು ಶುರು ಮಾಡೋಣವೇ ಎಂದೆ. ಇನ್ನೂ ಸ್ವಲ್ಪ ಹೊತ್ತು ನೋಡೋಣ ಎಂದರು.

"ಬಸ್ಸು ತಡವಾಗಿರಬಹುದು, ಅಲ್ವಾ?"

"ಇರಬಹುದು ಅಕ್ಕ," ಎಂದೆ.

ನನ್ನ ಗಂಡ ಬರಲು ಬಸ್ಸು ಬೇಕಿಲ್ಲ, ರಸ್ತೆ ದಾಟಿದರೆ ಸಾಕು. ಅವನು ಬೆಳಿಗ್ಗೆಯೇ ಚೀಲ, ಬಾಟಲಿ ಹಿಡಿದು ತಂಗಿಯ ಮನೆಯ ಬಸ್ಸು ಹತ್ತಿದ್ದ.